ಅಲೋಪ್ಯುರಿನಾಲ್ ಗುಳಿಗೆಗೂ ಮುಂಚಿನ ಜೀನ್ ಪರೀಕ್ಷೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಮಾಡಿಸುವವರಿಗೆ ಒಂದು ವಿಮರ್ಶೆ

ಹೆಬ್ಬೆರಳಿನ ಬುಡ ಕೆಂಪಗೆ ಊದಿಕೊಂಡು, ಹೊದ್ದ ಚಾದರದ ಅಂಚು ತಾಕಿದರೂ ಜೀವ ಹಿಂಡುವ ಗೌಟ್ ನೋವು ವರ್ಷಕ್ಕೆ ಎರಡು ಸಲ ಬಂತೆಂದರೆ ದವಾಖಾನೆಯ ಚೀಟಿಯಲ್ಲಿ ರಕ್ತದ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಹೆಸರು ಕಾಣಿಸಿಕೊಳ್ಳುವುದು ಸಹಜ. ಅಂಗಡಿಯಲ್ಲಿ ಜೈಲೋರಿಕ್ ಎಂದರೆ ಬೇಗ ಗೊತ್ತಾಗುತ್ತದೆ. 1966ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹಳೆಯ ಔಷಧ, 100 ಮತ್ತು 300 ಮಿ.ಗ್ರಾಂ. ಗುಳಿಗೆಗಳಲ್ಲಿ ಸಿಗುತ್ತದೆ, ಬೆಲೆಯೂ ಬಡವರ ಕೈಗೆಟಕುವಂಥದ್ದು. ಬಹಳಷ್ಟು ಜನ ವರ್ಷಗಟ್ಟಲೆ ತಿಂದು ಆರಾಮಾಗಿದ್ದಾರೆ.

ಸಾವಿರದಲ್ಲಿ ಒಬ್ಬರಿಂದ ನಾಲ್ವರಿಗೆ ಮಾತ್ರ ಈ ಗುಳಿಗೆ ಶತ್ರುವಾಗುತ್ತದೆ. ಜ್ವರ ಬರುತ್ತದೆ, ಮೈಯೆಲ್ಲ ಕೆಂಪಾಗುತ್ತದೆ, ಬಾಯಿ ಮತ್ತು ಕಣ್ಣಿನ ಒಳಪದರ ಹುಣ್ಣಾಗುತ್ತದೆ, ಚರ್ಮ ಸುಟ್ಟಂತೆ ಸುಲಿಯುತ್ತದೆ, ಯಕೃತ್ತು ಮತ್ತು ಕಿಡ್ನಿ ಕೆಡುತ್ತವೆ. ವೈದ್ಯರ ಮಾತಿನಲ್ಲಿ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅದರ ಉಗ್ರರೂಪ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್, ಮತ್ತು ಡ್ರೆಸ್ ಎಂಬ ಇನ್ನೊಂದು ರೂಪ. ಇಂಥ ಗಂಭೀರ ಪ್ರತಿಕ್ರಿಯೆಗೆ ಒಳಗಾದವರಲ್ಲಿ ನಾಲ್ಕು-ಐದು ಮಂದಿಗೆ ಒಬ್ಬರು ಉಳಿಯುವುದಿಲ್ಲ. ಯಾರಿಗೆ ಹೀಗಾಗಬಹುದು ಎಂಬುದನ್ನು ಗುಳಿಗೆ ನುಂಗುವ ಮೊದಲೇ ಬಹುಮಟ್ಟಿಗೆ ಹೇಳಬಲ್ಲ ರಕ್ತಪರೀಕ್ಷೆ ಎಚ್‌ಎಲ್‌ಎ-ಬಿ*58:01. ನಮ್ಮ ಮೂರು ಜಿಲ್ಲೆಗಳಲ್ಲಿ ಕುಳಿತು ಇದನ್ನು ಮಾಡಿಸುವ ಸೇವೆ ಹೇಗಿದೆ, ಎಲ್ಲಿ ಎಡವುತ್ತದೆ, ಯಾರಿಗೆ ದುಡ್ಡು ಸಾರ್ಥಕ ಎಂಬುದರ ವಿಮರ್ಶೆ ಇದು. ಯಾವುದೇ ಲ್ಯಾಬಿನ ಹೆಸರು ಹೇಳುವುದಿಲ್ಲ, ಏಕೆಂದರೆ ಇಲ್ಲಿ ಹೇಳುವ ದೋಷಗಳು ಎಲ್ಲೆಡೆ ಆಗಬಹುದಾದವು.

ಪರೀಕ್ಷೆ ಹುಡುಕುವುದು ಏನನ್ನು

ನಮ್ಮ ಜೀವಕೋಶಗಳ ಮೇಲ್ಮೈಯಲ್ಲಿ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿವೆ. ಕೋಶದ ಒಳಗೇನಿದೆ ಎಂಬುದನ್ನು ರೋಗನಿರೋಧಕ ಪಡೆಗೆ ತೋರಿಸುವ ಅಂಗೈಗಳಿವು. ತಂದೆಯಿಂದ ಒಂದು, ತಾಯಿಯಿಂದ ಒಂದು ನಮೂನೆ ಬರುತ್ತದೆ. 58:01 ಎಂಬ ನಮೂನೆಯ ಅಂಗೈ ಇದ್ದವರಲ್ಲಿ, ಅಲೋಪ್ಯುರಿನಾಲ್ ದೇಹದಲ್ಲಿ ಬದಲಾಗಿ ಆಗುವ ಆಕ್ಸಿಪ್ಯುರಿನಾಲ್ ಆ ಅಂಗೈಯ ಗುಳಿಯಲ್ಲಿ ಕೂತುಕೊಳ್ಳುತ್ತದೆ. ರೋಗನಿರೋಧಕ ಪಡೆಯ ಟಿ-ಕೋಶಗಳು ಅದನ್ನು ಕಂಡು ಸ್ವಂತ ಚರ್ಮವನ್ನೇ ಪರಕೀಯವೆಂದು ಬಗೆದು ದಾಳಿ ಮಾಡುತ್ತವೆ. ಪೆನಿಸಿಲಿನ್ ಅಲರ್ಜಿಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು. ಹಾಗಾಗಿ ಕೈಯ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. “ಒಂದು ಗುಳಿಗಿ ತಗೊಂಡು ನೋಡೂಣು, ಏನೂ ಆಗದಿದ್ರ ಮುಂದುವರಿಸೂಣು” ಎನ್ನುವುದೂ ಕೆಲಸಕ್ಕೆ ಬಾರದು, ಏಕೆಂದರೆ ಪ್ರತಿಕ್ರಿಯೆ ಹೆಚ್ಚಾಗಿ ಮೊದಲ ಎಂಟು-ಹನ್ನೆರಡು ವಾರಗಳಲ್ಲಿ ಯಾವಾಗ ಬೇಕಾದರೂ ತಲೆ ಎತ್ತುತ್ತದೆ.

ಈ ನಂಟು ಸ್ಪಷ್ಟವಾಗಿ ಗೊತ್ತಾದದ್ದು 2005ರಲ್ಲಿ ತೈವಾನಿನಿಂದ. ಅಲ್ಲಿ ಗಂಭೀರ ಪ್ರತಿಕ್ರಿಯೆಯಾದ 51 ರೋಗಿಗಳನ್ನು ಪರೀಕ್ಷಿಸಿದಾಗ 51 ಮಂದಿಯಲ್ಲೂ ಈ ಜೀನ್ ಸಿಕ್ಕಿತು. ಔಷಧ ಒಗ್ಗಿದವರಲ್ಲಿ ಅದು ಇದ್ದದ್ದು ಶೇ. 15ರಷ್ಟು ಜನರಲ್ಲಿ. ಹತ್ತು ವರ್ಷದ ನಂತರ ಅದೇ ದೇಶದಲ್ಲಿ 2,926 ಜನರಿಗೆ ಔಷಧ ಶುರು ಮಾಡುವ ಮೊದಲೇ ಪರೀಕ್ಷೆ ಮಾಡಿದರು. ಜೀನ್ ಇದ್ದ 571 ಮಂದಿಗೆ ಅಲೋಪ್ಯುರಿನಾಲ್ ಕೊಡಲಿಲ್ಲ, ಉಳಿದವರಿಗೆ ಕೊಟ್ಟರು. ಹಳೆಯ ಲೆಕ್ಕದ ಪ್ರಕಾರ ಏಳು ಮಂದಿಗೆ ಗಂಭೀರ ಪ್ರತಿಕ್ರಿಯೆ ಆಗಬೇಕಿತ್ತು, ಒಬ್ಬರಿಗೂ ಆಗಲಿಲ್ಲ. ಔಷಧಕ್ಕೂ ಮುಂಚಿನ ಜೀನ್ ಪರೀಕ್ಷೆಗಳಲ್ಲಿ ಇಷ್ಟು ನೇರ ಫಲ ಕೊಟ್ಟವು ಬೆರಳೆಣಿಕೆಯಷ್ಟು.

ಲ್ಯಾಬಿಗೆ ಹೋಗುವ ಮುಂಚೆ

ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ ಈ ಪರೀಕ್ಷೆ ಕೇಳಿಕೊಂಡು ಬರುವವರಲ್ಲಿ ಒಂದು ದೊಡ್ಡ ಗುಂಪಿಗೆ ಪರೀಕ್ಷೆಯೂ ಬೇಡ, ಗುಳಿಗೆಯೂ ಬೇಡ. ಪೂರ್ತಿ ಮೈ ತಪಾಸಣೆಯ ಪ್ಯಾಕೇಜಿನಲ್ಲಿ ಯೂರಿಕ್ ಆಸಿಡ್ 7.8 ಎಂದು ಬಂದಿರುತ್ತದೆ, ಅದರ ಪಕ್ಕ ದಪ್ಪ ಅಕ್ಷರದ ಗುರುತಿರುತ್ತದೆ, ಮನೆಯವರು ಹೆದರುತ್ತಾರೆ. ಕೀಲು ಒಂದು ಸಲವೂ ಊದಿಲ್ಲ, ಕಿಡ್ನಿ ಕಲ್ಲಿನ ತೊಂದರೆಯಿಲ್ಲ. ಇಂಥವರಿಗೆ ಬರೀ ಅಂಕಿ ನೋಡಿ ಅಲೋಪ್ಯುರಿನಾಲ್ ಕೊಡಬಾರದೆಂದೇ ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿ ಎಂಬ ಕೀಲುರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ ಸಲಹೆ ಮಾಡುತ್ತದೆ. ಬೇಡದ ಗುಳಿಗೆಯಿಂದ ಚರ್ಮ ಸುಲಿಸಿಕೊಂಡು ತೀವ್ರನಿಗಾ ಘಟಕ ಸೇರುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ: “ಡಾಕ್ಟರ್ರೀ, ನನಗ ಈ ಗುಳಿಗಿ ಯಾಕ ಬೇಕ್ರಿ?” ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ಕೀಲು ಊದುವುದು, ಕಿವಿ-ಮೊಣಕೈ-ಬೆರಳುಗಳಲ್ಲಿ ಸುಣ್ಣದಂಥ ಗಂಟು, ಎಕ್ಸ್-ರೇಯಲ್ಲಿ ಮೂಳೆ ಸವೆದಿರುವುದು ಎಂಬ ಉತ್ತರ ಬಂದರೆ ಗುಳಿಗೆಗೆ ಕಾರಣವಿದೆ.

ವರ್ಷಗಳಿಂದ ಅಲೋಪ್ಯುರಿನಾಲ್ ತಿನ್ನುತ್ತ ಏನೂ ಆಗದವರಿಗೂ ಈಗ ಪರೀಕ್ಷೆ ಬೇಕಿಲ್ಲ; ಅವರ ದೇಹವೇ ಉತ್ತರ ಕೊಟ್ಟಾಗಿದೆ. ಬದಲಿ ಗುಳಿಗೆಯಾದ ಫೆಬುಕ್ಸೊಸ್ಟ್ಯಾಟ್ ಕೊಡಬೇಕೆಂದು ವೈದ್ಯರು ತೀರ್ಮಾನಿಸಿದ್ದರೆ ಆಗಲೂ ಇದು ಅನಗತ್ಯ. ಈ ಹಿಂದೆ ಅಲೋಪ್ಯುರಿನಾಲಿನಿಂದ ಗಂಭೀರ ಪ್ರತಿಕ್ರಿಯೆ ಆದವರು ಮಾತ್ರ ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು: ಪರೀಕ್ಷೆ ನೆಗೆಟಿವ್ ಬಂದರೂ ಆ ಗುಳಿಗೆಯನ್ನು ಜೀವಮಾನದಲ್ಲಿ ಮತ್ತೆ ಮುಟ್ಟುವಂತಿಲ್ಲ.

ಸಮಯದ ವಿಷಯದಲ್ಲಿ ಗಡಿಬಿಡಿ ಬೇಡ. ಅಲೋಪ್ಯುರಿನಾಲ್ ತುರ್ತು ಔಷಧವಲ್ಲ, ನೋವು ಇಳಿಸುವ ಗುಳಿಗೆಯೂ ಅಲ್ಲ. ಊದಿದ ಕೀಲಿಗೆ ಕಾಲ್ಚಿಸಿನ್, ಸ್ಟೀರಾಯ್ಡ್ ಅಥವಾ ಕಿಡ್ನಿ ಒಪ್ಪುವಂತಿದ್ದರೆ ಬೇರೆ ನೋವಿನ ಗುಳಿಗೆ ಇದೆ. ವರದಿ ಬರಲು ಎಂಟು-ಹತ್ತು ದಿನ ಹಿಡಿದರೆ ಏನೂ ಕೆಡುವುದಿಲ್ಲ. “ಇವತ್ತ ಗುಳಿಗಿ ಚಾಲೂ ಮಾಡ್ರಿ, ರಿಪೋರ್ಟ್ ಬಂದಮ್ಯಾಲ ನೋಡೂಣು” ಎಂಬ ಕ್ರಮದಲ್ಲಿ ಪರೀಕ್ಷೆಯ ಅರ್ಥವೇ ಹೋಗುತ್ತದೆ.

ಕೌಂಟರಿನಲ್ಲಿ ಆಗುವ ದೊಡ್ಡ ತಪ್ಪು

ಸೇವೆಯ ಅತ್ಯಂತ ದುರ್ಬಲ ಕೊಂಡಿ ಬಿಲ್ ಮಾಡುವ ಜಾಗ. ನಮ್ಮ ಭಾಗದಲ್ಲಿ ಎಚ್‌ಎಲ್‌ಎ ಎಂದರೆ ಎಲ್ಲರಿಗೂ ಗೊತ್ತಿರುವುದು ಬಿ27. ಬೆನ್ನು ಬಿಗಿಯುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಕಾಯಿಲೆಗೆ ದಿನವೂ ಬರೆಯುವ ಪರೀಕ್ಷೆ ಅದು. ಚೀಟಿಯ ಮೇಲೆ ‘ಎಚ್‌ಎಲ್‌ಎ-ಬಿ’ ಎಂದು ಕಂಡೊಡನೆ, ಕೀಲುನೋವಿನ ರೋಗಿಯೂ ಆಗಿರುವುದರಿಂದ, ಗಣಕದಲ್ಲಿ ಬಿ27 ಒತ್ತಿಬಿಡುವುದು ತೀರ ಸುಲಭ. ಅದರ ವರದಿ ‘ನೆಗೆಟಿವ್’ ಎಂದು ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಗುಳಿಗೆ ಶುರುವಾಗುತ್ತದೆ. ಬಿ27ಕ್ಕೂ ಅಲೋಪ್ಯುರಿನಾಲಿಗೂ ಸಂಬಂಧವಿಲ್ಲ. ಪರೀಕ್ಷೆ ಮಾಡಿಸದೆ ಇದ್ದಿದ್ದರೆ ಉಳಿಯುತ್ತಿದ್ದ ಎಚ್ಚರವೂ ಈ ತಪ್ಪು ವರದಿಯಿಂದ ಹೋಗಿಬಿಡುತ್ತದೆ. ಇದೇ ಸಾಲಿನಲ್ಲಿ ಇನ್ನೆರಡು ಹೆಸರುಗಳಿವೆ: 57:01 ಎಚ್‌ಐವಿ ಔಷಧ ಅಬಾಕವಿರ್‌ಗೆ, 15:02 ಫಿಟ್ಸ್ ಗುಳಿಗೆ ಕಾರ್ಬಮಜೆಪಿನ್‌ಗೆ. 57:01 ಮತ್ತು 58:01 ಬರೆಯುವಾಗ ಒಂದೇ ಅಂಕಿಯ ಅಂತರ.

ಆದ್ದರಿಂದ ಚೀಟಿಯಲ್ಲಿ ಅಂಕಿಯ ಜೊತೆಗೆ ಔಷಧದ ಹೆಸರನ್ನೂ ಬರೆಸಿಕೊಳ್ಳಿ: ‘ಎಚ್‌ಎಲ್‌ಎ-ಬಿ*58:01, ಅಲೋಪ್ಯುರಿನಾಲ್ ಶುರು ಮಾಡುವ ಮುನ್ನ’. ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ: “ಐವತ್ತೆಂಟು ಸೊನ್ನೆ ಒಂದು, ಯೂರಿಕ್ ಆಸಿಡ್ ಗುಳಿಗಿ ಸಲುವಾಗಿ ಮಾಡೂದು, ಇಪ್ಪತ್ತೇಳು ಅಲ್ಲರೀ.” ರಸೀದಿ ಕೈಗೆ ಬಂದ ಮೇಲೆ ದುಡ್ಡಿನ ಅಂಕಿ ನೋಡುವುದಕ್ಕೂ ಮೊದಲು ಪರೀಕ್ಷೆಯ ಹೆಸರು ಓದಿ. ಹೆಸರು ತಪ್ಪಿದ್ದರೆ ಅಲ್ಲೇ ಬದಲಿಸುವುದು ಎರಡು ನಿಮಿಷದ ಕೆಲಸ. ರಕ್ತ ದೂರದೂರಿಗೆ ಹೋದ ಮೇಲೆ ಹತ್ತು ದಿನದ ಕೆಲಸ.

ಕೇಳಿಕೊಳ್ಳಬೇಕಾದ ಇನ್ನೊಂದು ಸಂಗತಿ ವಿಧಾನದ್ದು. ಕೆಲವು ಹಳೆಯ ರೀತಿಯ ಪರೀಕ್ಷೆಗಳು ‘ಬಿ58’ ಎಂಬ ಗುಂಪಿನವರೆಗೆ ಮಾತ್ರ ಹೇಳುತ್ತವೆ. ಆ ಗುಂಪಿನಲ್ಲಿ 58:02ರಂಥ ಬೇರೆ ಸದಸ್ಯರೂ ಇದ್ದಾರೆ. ನಮಗೆ ಬೇಕಾದ್ದು ನಾಲ್ಕೂ ಅಂಕಿ ಹೇಳುವ ಪಿಸಿಆರ್ ಅಥವಾ ಸೀಕ್ವೆನ್ಸಿಂಗ್ ಎಂಬ ಡಿಎನ್‌ಎ ಪರೀಕ್ಷೆ. ‘ನಿಮ್ಮ ದೇಹಕ್ಕೆ ಒಗ್ಗುವ ಔಷಧಗಳು’ ಎಂದು ಹತ್ತಾರು ಜೀನುಗಳನ್ನು ಒಟ್ಟಿಗೆ ನೋಡುವ ದುಬಾರಿ ಪ್ಯಾಕೇಜುಗಳಲ್ಲಿ 58:01ನ್ನು ನೇರವಾಗಿ ನೋಡುತ್ತಾರೋ, ಅದರ ನೆರೆಯ ಒಂದು ಗುರುತನ್ನು ನೋಡಿ ಅಂದಾಜು ಮಾಡುತ್ತಾರೋ ಎಂದು ಕೇಳಿ. ಅಂಥ ನೆರೆಯ ಗುರುತು ಜಪಾನೀಯರಲ್ಲಿ ಸರಿಯಾಗಿ ಕೂತಿದೆ. ಬೇರೆ ಜನಾಂಗಗಳಲ್ಲಿ ಅದೇ ಜೋಡಿ ಅಷ್ಟೇ ಬಿಗಿಯಾಗಿ ಇರುವುದಿಲ್ಲ. ನೇರ ಪರೀಕ್ಷೆಯನ್ನೇ ಆರಿಸಿ. ಲ್ಯಾಬಿಗೆ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆ ಎಂದ ಮಾತ್ರಕ್ಕೆ ಎಲ್ಲ ಪರೀಕ್ಷೆಗೂ ಇದೆಯೆಂದಲ್ಲ. ಈ ಪರೀಕ್ಷೆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ವಿಚಾರಿಸಬಹುದು.

ರಕ್ತ ತೆಗೆಯುವುದು, ಕಳಿಸುವುದು

ಉಪವಾಸ ಬೇಡ. ರೊಟ್ಟಿ ತಿಂದು ಹೋದರೂ ಜೀನ್ ಬದಲಾಗುವುದಿಲ್ಲ. ಎರಡು-ಮೂರು ಮಿ.ಲೀ. ರಕ್ತ ಸಾಕು, ಅದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಹೋಗಬೇಕು. ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೆಪಾರಿನ್ ಇರುತ್ತದೆ, ಅದು ಪಿಸಿಆರ್ ಪ್ರಕ್ರಿಯೆಯನ್ನೇ ತಡೆಯುತ್ತದೆ. ಕೆಂಪು ಅಥವಾ ಹಳದಿ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಒಂದೇ ಸೂಜಿಯಲ್ಲಿ ಸಕ್ಕರೆ, ಕ್ರಿಯಾಟಿನಿನ್, ಯೂರಿಕ್ ಆಸಿಡ್ ಎಲ್ಲ ತೆಗೆಯುವಾಗ ನಾಲ್ಕು ಬಣ್ಣದ ಟ್ಯೂಬು ಮೇಜಿನ ಮೇಲಿರುತ್ತವೆ. ಗಡಿಬಿಡಿಯಲ್ಲಿ ತಪ್ಪುವುದು ಅಲ್ಲೇ. ತುಂಬಿದ ಮೇಲೆ ನೇರಳೆ ಟ್ಯೂಬನ್ನು ಎಂಟು-ಹತ್ತು ಸಲ ನಿಧಾನಕ್ಕೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಹೀಗೆ ಮಾಡದೆ ಸ್ಟ್ಯಾಂಡಿಗೆ ಇಟ್ಟುಬಿಟ್ಟರೆ ತಳದಲ್ಲಿ ಸಣ್ಣ ಗರಣೆ ಕಟ್ಟಿ, ‘ಮಾದರಿ ಸರಿಯಿಲ್ಲ, ಮತ್ತೆ ಕಳಿಸಿ’ ಎಂಬ ಉತ್ತರ ಬರುತ್ತದೆ.

ಸಂಗ್ರಹ ಕೇಂದ್ರ ಬೆಳಗಾವಿಯಲ್ಲಿದ್ದರೂ ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಮಹಾನಗರದ ಮುಖ್ಯ ಲ್ಯಾಬಿನಲ್ಲಿ. ರಕ್ತ 2ರಿಂದ 8 ಡಿಗ್ರಿ ತಂಪಿನಲ್ಲಿ ಹೋಗಬೇಕು, ಮಂಜುಗಟ್ಟಬಾರದು. ಟ್ಯೂಬು ನೇರವಾಗಿ ಮಂಜುಗಡ್ಡೆಯ ಪೊಟ್ಟಣಕ್ಕೆ ಅಂಟಿಕೊಂಡರೆ ರಕ್ತಕಣ ಒಡೆದುಹೋಗುತ್ತವೆ. ಡಿಎನ್‌ಎ ಗಟ್ಟಿ ವಸ್ತು, ಒಂದು ದಿನದ ಬೆಚ್ಚಗಿನ ಗಾಳಿಗೆ ಹಾಳಾಗುವುದಿಲ್ಲ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಶನಿವಾರ ಸಂಜೆ ತೆಗೆದ ರಕ್ತ ಭಾನುವಾರವೆಲ್ಲ ಪಾರ್ಸೆಲ್ ಕಚೇರಿಯ ಮೂಲೆಯಲ್ಲಿ ಬಿದ್ದರೆ ಫಲಿತಾಂಶ ಅನುಮಾನ. ಹಾಗಾಗಿ ಸೋಮವಾರದಿಂದ ಬುಧವಾರದೊಳಗೆ, ಆ ದಿನದ ವಾಹನ ಹೊರಡುವ ಮುಂಚಿನ ಗಂಟೆಯಲ್ಲಿ ರಕ್ತ ಕೊಡುವುದು ಒಳ್ಳೆಯದು. “ಇವತ್ತಿನ ಗಾಡಿ ಎಷ್ಟೊತ್ತಿಗೆ ಹೋಗ್ತದ್ರಿ?” ಎಂದು ಕೇಳಿದರೆ ಕೇಂದ್ರದವರು ಹೇಳುತ್ತಾರೆ. ದಸರೆ, ದೀಪಾವಳಿಯ ಸಾಲುರಜೆಯ ಹಿಂದಿನ ದಿನ ಕೊಡಲು ಹೋಗಬೇಡಿ.

ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು ಅದನ್ನು ಮುಂಚಿತವಾಗಿ ತಿಳಿಸಬೇಕು, ದಾನಿಯ ಬಿಳಿಕಣಗಳು ಉತ್ತರವನ್ನು ಗೊಂದಲ ಮಾಡಬಹುದು. ಅಸ್ಥಿಮಜ್ಜೆ ಕಸಿಯಾದವರ ರಕ್ತದಲ್ಲಿ ಸಿಗುವುದು ದಾನಿಯ ಜೀನ್. ಇಂಥವರಿಗೆ ಮತ್ತು ನರ ಸಿಗದವರಿಗೆ ಕೆನ್ನೆಯ ಒಳಭಾಗ ಉಜ್ಜಿ ತೆಗೆಯುವ ಬಗೆಯ ಬಗ್ಗೆ ಲ್ಯಾಬಿನೊಡನೆ ಮಾತಾಡಬೇಕು. ಆ ಬಗೆಯಲ್ಲಿ ನಮ್ಮ ಕಡೆ ಒಂದು ತೊಡಕಿದೆ: ಎಲಿ-ಅಡಿಕಿ, ತಂಬಾಕು, ಗುಟ್ಕಾ. ಬಾಯಿ ಚೆನ್ನಾಗಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆ ಏನನ್ನೂ ಬಾಯಿಗೆ ಹಾಕದೆ ಇದ್ದು ಆಮೇಲೆ ಕೊಡಬೇಕು. ಇಲ್ಲವಾದರೆ ಕಡ್ಡಿಯ ಮೇಲೆ ಸುಣ್ಣ-ತಂಬಾಕೇ ಹೆಚ್ಚು ಬರುತ್ತದೆ.

ವರದಿ ಓದುವ ಬಗೆ

ವರದಿ ಉದ್ದವಾಗಿರುವುದಿಲ್ಲ. ‘58:01 ಪತ್ತೆಯಾಗಿದೆ’ ಅಥವಾ ‘ಪತ್ತೆಯಾಗಿಲ್ಲ’ ಎಂಬ ಒಂದು ಸಾಲು ಮುಖ್ಯ. ಪೂರ್ತಿ ಎಚ್‌ಎಲ್‌ಎ-ಬಿ ನೋಡಿದ್ದರೆ ಎರಡು ಅಂಕಿಗಳು ಇರುತ್ತವೆ, ತಂದೆಯದ್ದೊಂದು ತಾಯಿಯದ್ದೊಂದು. ಎರಡರಲ್ಲಿ ಒಂದು 58:01 ಆಗಿದ್ದರೂ ಅದು ಪಾಸಿಟಿವ್. “ಒಂದ ಕಡೆಯಿಂದ ಬಂದೇತಿ, ಅರ್ಧಾ ಅಷ್ಟ” ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಒಂದೇ ಪ್ರತಿ ಸಾಕು ಅಪಾಯಕ್ಕೆ.

ಪಾಸಿಟಿವ್ ಎಂದರೆ ರೋಗವಲ್ಲ. ಆ ಮನುಷ್ಯನಿಗೆ ಚರ್ಮದ ಕಾಯಿಲೆಯೂ ಇಲ್ಲ, ಮುಂದೆ ಬರುತ್ತದೆ ಎಂದೂ ಅಲ್ಲ. ಈ ಜೀನ್ ಇದ್ದು ಅಲೋಪ್ಯುರಿನಾಲ್ ತಿಂದರೂ ಗಂಭೀರ ಪ್ರತಿಕ್ರಿಯೆಯಾಗುವುದು ನೂರರಲ್ಲಿ ಎರಡು-ಮೂರು ಜನರಿಗೆ. ಹಾಗಾದರೆ ಉಳಿದ ತೊಂಬತ್ತೇಳು ಮಂದಿಗೆ ಸುಮ್ಮನೆ ಔಷಧ ತಪ್ಪಿಸಿದಂತಾಯಿತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬದಲಿ ಔಷಧ ಇರುವಾಗ, ಮತ್ತು ಆ ಎರಡು-ಮೂರು ಜನ ಯಾರೆಂದು ಮುಂಚೆ ಗುರುತಿಸುವ ದಾರಿ ಇಲ್ಲದಿರುವಾಗ, ತಪ್ಪಿಸುವುದೇ ಸರಿ. ಔಷಧ-ಜೀನ್ ಮಾರ್ಗಸೂಚಿ ರೂಪಿಸುವ ಸಿಪಿಐಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹೇಳುವುದೂ ಅದನ್ನೇ: ಪಾಸಿಟಿವ್ ಇದ್ದವರಿಗೆ ಅಲೋಪ್ಯುರಿನಾಲ್ ಬೇಡ, ಕಡಿಮೆ ಪ್ರಮಾಣದಲ್ಲೂ ಬೇಡ.

ನೆಗೆಟಿವ್ ಬಂದರೆ ಅಪಾಯ ಬಹಳ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ. ತೈವಾನಿನ ರೋಗಿಗಳೆಲ್ಲರಲ್ಲಿ ಈ ಜೀನ್ ಸಿಕ್ಕಿದರೂ, ಯುರೋಪಿನಲ್ಲಿ ಇದೇ ಪ್ರತಿಕ್ರಿಯೆಯಾದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಸಿಕ್ಕಿತ್ತು. ಉಳಿದವರಿಗೆ ಬೇರೆ ಕಾರಣಗಳು ಇರಬಹುದು. ಆದ್ದರಿಂದ ನೆಗೆಟಿವ್ ವರದಿ ಕೈಲಿದ್ದರೂ ಪ್ರಮಾಣದ ಶಿಸ್ತು ಬಿಡುವಂತಿಲ್ಲ. ಈ ಸೇವೆ ಕೊಡುವವರ ಮೇಲೆ ನಮ್ಮ ಮುಖ್ಯ ಆಕ್ಷೇಪ ಇಲ್ಲೇ. ವರದಿಯ ಕೆಳಗೆ ಸಣ್ಣ ಅಕ್ಷರದ ಇಂಗ್ಲಿಷ್ ಟಿಪ್ಪಣಿ ಹಾಕಿ ಕೈತೊಳೆದುಕೊಳ್ಳುವ ಬದಲು, ‘ನೆಗೆಟಿವ್ ಇದ್ದರೂ ಮೈಮೇಲೆ ಗಂಧೆ ಎದ್ದರೆ ಗುಳಿಗೆ ನಿಲ್ಲಿಸಿ’ ಎಂದು ಕನ್ನಡದಲ್ಲಿ ಒಂದು ಸಾಲು ಮುದ್ರಿಸಲು ಏನು ಕಷ್ಟ?

ಪ್ರಮಾಣದ ಲೆಕ್ಕ

ಜೀನ್ ಪರೀಕ್ಷೆಯಷ್ಟೇ ಮುಖ್ಯವಾದದ್ದು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ. ಅಲೋಪ್ಯುರಿನಾಲ್ ಒಂದೆರಡು ಗಂಟೆಯಲ್ಲಿ ಆಕ್ಸಿಪ್ಯುರಿನಾಲ್ ಆಗುತ್ತದೆ, ಅದನ್ನು ಹೊರಹಾಕುವುದು ಕಿಡ್ನಿ. ಕಿಡ್ನಿ ಚೆನ್ನಾಗಿದ್ದರೆ ಒಂದು ದಿನದ ಆಸುಪಾಸಿನಲ್ಲಿ ಅರ್ಧದಷ್ಟು ಹೋಗುತ್ತದೆ. ಕಿಡ್ನಿ ಪೂರ್ತಿ ಸೋತವರಲ್ಲಿ ಅದಕ್ಕೆ ವಾರವೇ ಹಿಡಿಯಬಹುದು. ಮೊದಲ ದಿನದಿಂದಲೇ 300 ಮಿ.ಗ್ರಾಂ. ಕೊಡುವ ರೂಢಿ ಅಪಾಯ ಹೆಚ್ಚಿಸುವುದು ಹೀಗೆ.

ಲ್ಯಾಬಿನ ಕಾಗದದಲ್ಲಿ ಕ್ರಿಯಾಟಿನಿನ್ 1.4 ಎಂದು ಇದೆ ಎನ್ನಿ. ಮೂವತ್ತೈದರ ಗಂಡಸಿಗೆ ಅದು ಕಿಡ್ನಿಯ ಸೋಸುವ ಶಕ್ತಿಯನ್ನು ಹೇಳುವ ಇಜಿಎಫ್‌ಆರ್ ಸುಮಾರು 67 ಎಂದಾಗುತ್ತದೆ. ಎಪ್ಪತ್ತರ ಅಜ್ಜಿಗೆ ಅದೇ 1.4 ಎಂದರೆ ಸುಮಾರು 40. ಅಂಕಿ ಒಂದೇ, ಕಿಡ್ನಿಯ ಶಕ್ತಿ ಬೇರೆ ಬೇರೆ. ಸಂಶೋಧಕರು ಕೊಟ್ಟ ಸುಲಭ ಲೆಕ್ಕವೊಂದಿದೆ: ಆರಂಭದ ಪ್ರಮಾಣ ಇಜಿಎಫ್‌ಆರ್‌ನ ಒಂದೂವರೆ ಪಟ್ಟು ಮಿ.ಗ್ರಾಂ. ದಾಟಬಾರದು. ಆ ಗಂಡಸಿಗೆ 100ರ ಒಂದು ಗುಳಿಗೆ, ಅಜ್ಜಿಗೆ 60ರೊಳಗೆ, ಅಂದರೆ 100ರ ಗುಳಿಗೆಯ ಅರ್ಧ. ಎರಡರಿಂದ ಐದು ವಾರಕ್ಕೊಮ್ಮೆ ಯೂರಿಕ್ ಆಸಿಡ್ ನೋಡುತ್ತ, 50 ಅಥವಾ 100 ಮಿ.ಗ್ರಾಂ. ಏರಿಸುತ್ತ, 6ಕ್ಕಿಂತ ಕೆಳಗೆ ಬರುವವರೆಗೆ ಹೋಗಬೇಕು. ಕೀಲು ಊದಿರುವ ದಿನ ಯೂರಿಕ್ ಆಸಿಡ್ ಸುಳ್ಳೇ ಸಾಮಾನ್ಯ ಎಂದು ತೋರಿಸಬಹುದು, ಆ ಅಂಕಿ ನಂಬಿ ಪ್ರಮಾಣ ಬದಲಿಸಬಾರದು. ಮೊದಲ ಮೂರರಿಂದ ಆರು ತಿಂಗಳು ನೋವು ಮರುಕಳಿಸದಂತೆ ಕಡಿಮೆ ಪ್ರಮಾಣದ ಕಾಲ್ಚಿಸಿನ್ ಜೊತೆಗಿರುತ್ತದೆ.

ಗುಳಿಗೆಯನ್ನು ತಿಂಗಳುಗಟ್ಟಲೆ ಬಿಟ್ಟು, ಕಬ್ಬಿನ ಹಂಗಾಮು ಮುಗಿದ ಮೇಲೆ ಮತ್ತೆ ನೆನಪಾಗಿ ಹಳೆಯ 300ರಿಂದಲೇ ಶುರು ಮಾಡುವವರೂ ಇದ್ದಾರೆ. ಅದನ್ನು ಹೊಸದಾಗಿ ಶುರು ಮಾಡಿದಂತೆಯೇ ಎಣಿಸಬೇಕು, ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕು. ಕಿಡ್ನಿ ಕಸಿಯಾಗಿ ಅಜಾಥಿಯೋಪ್ರಿನ್ ತಿನ್ನುವವರಿಗೆ ಅಲೋಪ್ಯುರಿನಾಲ್ ಸೇರಿದರೆ ರಕ್ತಕಣಗಳೇ ಕುಸಿಯುತ್ತವೆ. ಅದು ಈ ಜೀನಿಗೆ ಸಂಬಂಧಪಡದ ಬೇರೆಯದೇ ಅಪಾಯ, 58:01 ವರದಿ ಅದರಿಂದ ಕಾಪಾಡುವುದಿಲ್ಲ.

ಪಾಸಿಟಿವ್ ಬಂದವರಿಗೆ ದಾರಿ

ಫೆಬುಕ್ಸೊಸ್ಟ್ಯಾಟ್. 40 ಮತ್ತು 80 ಮಿ.ಗ್ರಾಂ. ಗುಳಿಗೆಗಳು ನಮ್ಮ ಊರುಗಳಲ್ಲೂ ಸಿಗುತ್ತವೆ. ಇದರ ರಚನೆ ಬೇರೆ, 58:01ರ ಜೊತೆ ಜಗಳವಿಲ್ಲ. ಹೃದಯದ ಬಗ್ಗೆ ಒಂದು ತಕರಾರಿದೆ: 2018ರ ಒಂದು ದೊಡ್ಡ ಅಧ್ಯಯನದಲ್ಲಿ ಹೃದಯರೋಗ ಇದ್ದವರಲ್ಲಿ ಸಾವು ಅಲೋಪ್ಯುರಿನಾಲಿಗಿಂತ ಹೆಚ್ಚು ಕಂಡಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2020ರಲ್ಲಿ ಬಂದ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಆ ಹೆಚ್ಚಳ ಕಾಣಲಿಲ್ಲ. ಹೃದಯಾಘಾತ ಆಗಿದ್ದವರು, ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಂಥವರಿಗೆ ಅಲೋಪ್ಯುರಿನಾಲೇ ಮೊದಲ ಆಯ್ಕೆ ಆಗಬಹುದು, ಆಗ ಈ ಜೀನ್ ಪರೀಕ್ಷೆಯ ಬೆಲೆ ಇನ್ನೂ ಹೆಚ್ಚು.

ಯಾರಿಗೆ ದುಡ್ಡು ಸಾರ್ಥಕ

ಪರೀಕ್ಷೆಯ ಖರ್ಚು ಸಾವಿರಗಳ ಲೆಕ್ಕದಲ್ಲಿ, ಲ್ಯಾಬಿನಿಂದ ಲ್ಯಾಬಿಗೆ ಬಹಳ ವ್ಯತ್ಯಾಸ. ಎರಡು ಮೂರು ಕಡೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ‘ಅಗ್ಗ’ ಎಂದು ಹೇಳುವ ಕಡೆ ಅದು ಬಿ27 ಅಲ್ಲ ತಾನೆ ಎಂದು ಮತ್ತೊಮ್ಮೆ ಖಚಿತ ಮಾಡಿಕೊಳ್ಳಿ. ಜೀವಮಾನದಲ್ಲಿ ಒಂದೇ ಸಲದ ಖರ್ಚು, ಜೀನ್ ಬದಲಾಗುವುದಿಲ್ಲ.

2020ರ ಅಮೆರಿಕನ್ ಮಾರ್ಗಸೂಚಿ ಹ್ಯಾನ್ ಚೀನೀಯರು, ಕೊರಿಯನ್ನರು, ಥಾಯ್ ಜನರಂಥ ಆಗ್ನೇಯ ಏಷ್ಯಾ ಮೂಲದವರಿಗೆ ಮತ್ತು ಆಫ್ರಿಕನ್ ಅಮೆರಿಕನ್ನರಿಗೆ ಪರೀಕ್ಷೆ ಸಲಹೆ ಮಾಡುತ್ತದೆ, ಉಳಿದ ಎಲ್ಲರಿಗೂ ಕಡ್ಡಾಯ ಬೇಡ ಎನ್ನುತ್ತದೆ. ಭಾರತೀಯರ ಹೆಸರು ಆ ಪಟ್ಟಿಯಲ್ಲಿಲ್ಲ. ಹಾಗೆಂದು ಈ ಜೀನ್ ನಮ್ಮಲ್ಲಿಲ್ಲ ಎಂದಲ್ಲ. ಭಾರತದಲ್ಲೂ ಇದೆ, ಪ್ರಮಾಣ ಸಮುದಾಯದಿಂದ ಸಮುದಾಯಕ್ಕೆ ಬೇರೆ. ನಮ್ಮ ತೂಕ ಹೀಗೆ: ಇಜಿಎಫ್‌ಆರ್ 60ಕ್ಕಿಂತ ಕೆಳಗಿರುವವರು, ವಯಸ್ಸಾದವರು, ಅದರಲ್ಲೂ ಹೆಣ್ಣುಮಕ್ಕಳು, ಬಿ.ಪಿ.ಗೆ ಥಯಾಜೈಡ್ ಬಗೆಯ, ಮೂತ್ರ ಹೆಚ್ಚಿಸುವ ಗುಳಿಗೆ ತಿನ್ನುವವರು, ಮನೆಯಲ್ಲಿ ಯಾರಿಗಾದರೂ ಅಲೋಪ್ಯುರಿನಾಲಿನಿಂದ ಮೈ ಸುಲಿದ ಇತಿಹಾಸ ಇರುವವರು ತಪ್ಪದೆ ಮಾಡಿಸಲಿ. ಪಾಸಿಟಿವ್ ಬಂದವರ ಪ್ರತಿಯೊಬ್ಬ ಮಗ-ಮಗಳಿಗೆ ಈ ಜೀನ್ ಹೋಗಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ. ಆದರೆ ಅವರಿಗೆ ಗೌಟ್ ಇಲ್ಲದಿದ್ದರೆ ಈಗಲೇ ಪರೀಕ್ಷೆಗೆ ಓಡಬೇಕಿಲ್ಲ, ವಿಷಯ ಗೊತ್ತಿದ್ದರೆ ಸಾಕು. ಕಿಡ್ನಿ ಚೆನ್ನಾಗಿರುವ ನಲವತ್ತರ ಗಂಡಸು, 100ರಿಂದ ಶುರು ಮಾಡಿ ನಿಧಾನಕ್ಕೆ ಏರಿಸುವ ವೈದ್ಯರ ಕೈಲಿದ್ದರೆ, ದುಡ್ಡಿನ ಅಡಚಣೆ ಇದ್ದಾಗ ಪರೀಕ್ಷೆ ಬಿಟ್ಟರೆ ದೊಡ್ಡ ತಪ್ಪೇನಲ್ಲ. ಎಚ್ಚರದ ಚಿಹ್ನೆ ಮಾತ್ರ ಬಾಯಿಪಾಠ ಆಗಿರಬೇಕು.

ಉಷ್ಣ ಅಲ್ಲ

ಗುಳಿಗೆ ಶುರುವಾದ ಮೂರು-ನಾಲ್ಕು ವಾರಕ್ಕೆ ಬಾಯಲ್ಲಿ ಹುಣ್ಣಾಯಿತು, ಕಣ್ಣು ಕೆಂಪಾಯಿತು ಎಂದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು “ಉಷ್ಣ ಆಗೇತಿ, ಮಜ್ಜಿಗಿ ಕುಡಿ, ಕಾಮಕಸ್ತೂರಿ ಬೀಜ ನೆನಸಿ ಕುಡಿ.” ಮೈಮೇಲೆ ಕೆಂಪು ಎದ್ದರೆ “ಪಿತ್ತದ ಗಂಧೆ.” ಈ ಎರಡು ಮಾತುಗಳಲ್ಲಿ ಕಳೆದುಹೋಗುವ ಮೂರು-ನಾಲ್ಕು ದಿನ, ಆ ದಿನಗಳಲ್ಲೂ ನುಂಗುತ್ತ ಹೋಗುವ ಗುಳಿಗೆ, ಇವೇ ಜೀವಕ್ಕೆ ಎರವಾಗುತ್ತವೆ. ಜ್ವರದ ಜೊತೆ ಮೈಮೇಲೆ ಕೆಂಪು, ಮುಟ್ಟಿದರೆ ಚರ್ಮ ಉರಿಯುವುದು, ಬಾಯಿ-ಕಣ್ಣು-ಗುಪ್ತಾಂಗದಲ್ಲಿ ಹುಣ್ಣು, ಮುಖ ಊದುವುದು, ಕುತ್ತಿಗೆಯಲ್ಲಿ ಗಂಟು: ಇದರಲ್ಲಿ ಯಾವುದು ಕಂಡರೂ ಮುಂದಿನ ಗುಳಿಗೆ ಬಾಯಿಗೆ ಹಾಕಬೇಡಿ, ವೈದ್ಯರ ಫೋನ್ ಸಿಗುವವರೆಗೂ ಕಾಯಬೇಡಿ. ಚರ್ಮರೋಗ ವಿಭಾಗವೂ ತೀವ್ರನಿಗಾ ಘಟಕವೂ ಇರುವ ದೊಡ್ಡ ಆಸ್ಪತ್ರೆಗೇ ನೇರ ಹೋಗಬೇಕು. ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಹಾನಗಲ್ ಕುಮಾರೇಶ್ವರ ಆಸ್ಪತ್ರೆಯಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಈ ಭಾಗದಲ್ಲಿವೆ. ತಿನ್ನುತ್ತಿರುವ ಎಲ್ಲ ಗುಳಿಗೆಗಳ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ದಿನ ಶುರು ಮಾಡಿದ್ದು ಎಂಬ ತಾರೀಕು ವೈದ್ಯರಿಗೆ ಎಲ್ಲಕ್ಕಿಂತ ಮುಖ್ಯ. ಪ್ರತಿಕ್ರಿಯೆಯನ್ನು ಭಾರತದ ಔಷಧ ಸುರಕ್ಷಾ ಕಾರ್ಯಕ್ರಮಕ್ಕೆ ರೋಗಿಯ ಮನೆಯವರೇ ತಿಳಿಸಬಹುದು, ಉಚಿತ ಸಹಾಯವಾಣಿ 1800-180-3024.

ಪಾಸಿಟಿವ್ ಬಂದವರ ವರದಿ ಲ್ಯಾಬಿನ ಲಕೋಟೆಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರು ಮಿರಜಕ್ಕೂ ಕೊಲ್ಹಾಪುರಕ್ಕೂ ಹೋಗುತ್ತಾರೆ. ಅಲ್ಲಿ ಹೊಸ ವೈದ್ಯರು, ಹೊಸ ಚೀಟಿ, ಅಂಗಡಿಯಲ್ಲಿ ಹೊಸ ಕಂಪನಿಯ ಹೆಸರು. ಕಂಪನಿಯ ಹೆಸರು ನೆನಪಿಟ್ಟರೆ ಸಾಲದು, ಔಷಧದ ಮೂಲ ಹೆಸರು ಬೇಕು. ಒಂದು ಗಟ್ಟಿ ಕಾಗದದ ಮೇಲೆ ‘ಎಚ್‌ಎಲ್‌ಎ-ಬಿ*58:01 ಪಾಸಿಟಿವ್. ಅಲೋಪ್ಯುರಿನಾಲ್ ಕೊಡಬಾರದು’ ಎಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆಸಿ, ಲ್ಯಾಮಿನೇಷನ್ ಮಾಡಿಸಿ, ಆಧಾರ್ ಕಾರ್ಡಿನ ಜೊತೆ ಜೇಬಿನಲ್ಲಿಡಬೇಕು. ವರದಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ನಿತ್ಯ ಗುಳಿಗೆ ತರುವ ಔಷಧ ಅಂಗಡಿಯವರಿಗೂ ಒಂದು ಪ್ರತಿ ಕೊಟ್ಟಿಡಿ.